ಬೈರಿಗೆಗೆ ಸುತ್ತಿಗೆಯ ಬಲ

ಗೋಡೆಯಲ್ಲಿ ಒಂದು ತೂತು ತೆಗೆಯುವುದು ನಮ್ಮ ಹಿರಿಯರ ಕಾಲದಲ್ಲಿ ಸಣ್ಣ ಕೆಲಸವಾಗಿರಲಿಲ್ಲ. ಬಡಗಿಯೋ ವಯರಿಂಗಿನವನೋ ಬಂದು, ಚಾಣವನ್ನು ಎಡಗೈಯಲ್ಲಿ ಹಿಡಿದು ತಿರುಗಿಸುತ್ತ, ಬಲಗೈಯ ಸುತ್ತಿಗೆಯಿಂದ ಒಂದೊಂದೇ ಪೆಟ್ಟು ಕೊಟ್ಟು ಕುಳಿ ತೋಡಿ, ಅದರೊಳಗೆ ಮರದ ಬೆಣೆಯನ್ನು ಬಡಿದು, ಬೆಣೆಗೆ ತಿರುಪುಮೊಳೆ ಹಾಕಿ, ನಡುವೆ ಎರಡು ಬಾರಿ ಚಹಾ ಕುಡಿದು ಹೋಗುವಷ್ಟರಲ್ಲಿ ಅರ್ಧ ದಿನ ಕಳೆಯುತ್ತಿತ್ತು. ಇಂದು ಅದೇ ಕೆಲಸ ಒಂದು ನಿಮಿಷದೊಳಗೆ ಮುಗಿಯುವುದು. ಹ್ಯಾಮರ್ ಡ್ರಿಲ್ ಎಂಬ ವಿದ್ಯುತ್ ಬೈರಿಗೆಯು ಒಂದು ಕಾಲದಲ್ಲಿ ಗಲ್ಫಿನಿಂದ ಮರಳುವವರ ಪೆಟ್ಟಿಗೆಯೊಳಗಿನ ಬೆರಗಿನ ವಸ್ತುವಾಗಿತ್ತು; ಈಗ ಕಾಸರಗೋಡಿನ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿಯೂ ಅದು ಸಿಕ್ಕುವುದು. ಮಗನು ಕೊಂಡು ತಂದದ್ದನ್ನು ತಂದೆಯು ಬಳಸುತ್ತಾನೆ, ನೆರೆಯವರು ಎರವಲು ಒಯ್ಯುತ್ತಾರೆ. ಹೀಗೆ ನಾಲ್ಕು ಮನೆಗಳಿಗೆ ತಿರುಗುವ ಈ ಯಂತ್ರದ ವಿಷಯದಲ್ಲಿ ಕೆಲವು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿತು.

ಯಂತ್ರದ ಜತೆಗೆ ಒಂದು ಸಣ್ಣ ಸೂಚನಾ ಪುಸ್ತಕ ಇರುವುದುಂಟು. ನಾವು ನೋಡಿದವುಗಳಲ್ಲಿ ಇಂಗ್ಲಿಷಿತ್ತು, ಹಿಂದಿಯಿತ್ತು, ಒಂದರಲ್ಲಿ ಅರಬ್ಬಿಯೂ ಇತ್ತು, ಕನ್ನಡವಿರಲಿಲ್ಲ. ಇದ್ದಿದ್ದರೆ ಎಲ್ಲರೂ ಓದುತ್ತಿದ್ದರೆಂದು ನಾವೇನೂ ಪ್ರಮಾಣ ಮಾಡಿ ಹೇಳಲಾರೆವು. ಆದರೆ ಆ ಪುಸ್ತಕದಲ್ಲಿರುವ ಎಚ್ಚರಿಕೆಗಳು ಅನ್ಯದೇಶದ ಮನೆಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದವುಗಳು. ನಮ್ಮ ಕೆಂಪುಕಲ್ಲಿನ ಗೋಡೆ, ನಮ್ಮ ಆಷಾಢದ ಮಳೆ, ನಮ್ಮ ಸೀರೆಯ ಸೆರಗು, ನಮ್ಮ ಇನ್ವರ್ಟರು ಇವುಗಳ ಪ್ರಸ್ತಾಪ ಅದರಲ್ಲಿಲ್ಲ.

ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಫೈನ್ ಎಂಬ ಸಂಸ್ಥೆಯು 1895ರಲ್ಲಿ ಕೈಯಲ್ಲಿ ಹಿಡಿದು ಬಳಸುವ ವಿದ್ಯುತ್ ಬೈರಿಗೆಯನ್ನು ನಿರ್ಮಿಸಿತು. ಪಿಸ್ತೂಲಿನ ಹಿಡಿ, ಬೆರಳಿನಿಂದ ಒತ್ತುವ ಕುದುರೆ ಇವುಳ್ಳ ಇಂದಿನ ರೂಪಕ್ಕೆ ಅಮೇರಿಕದ ಬ್ಲ್ಯಾಕ್ ಅಂಡ್ ಡೆಕರ್ ಸಂಸ್ಥೆಯು 1917ರಲ್ಲಿ ಪೇಟೆಂಟು ಪಡೆಯಿತು. ಇವೆಲ್ಲ ಬರಿದೆ ತಿರುಗುವ ಬೈರಿಗೆಗಳು. ಮರಕ್ಕೂ ಕಬ್ಬಿಣಕ್ಕೂ ಸಾಕು, ಕಲ್ಲಿಗೆ ಸಾಲದು. ಕಲ್ಲು ಕೆರೆತಕ್ಕೆ ಬಗ್ಗುವುದಿಲ್ಲ, ಪೆಟ್ಟಿಗೆ ಬಗ್ಗುತ್ತದೆ. ಆದುದರಿಂದ ಬೈರಿಗೆಗೆ ಸುತ್ತಿಗೆಯ ಬಲವನ್ನು ಕೂಡಿಸಬೇಕಾಯಿತು. ಹ್ಯಾಮರ್ ಡ್ರಿಲ್ಲಿನ ಒಳಗೆ ಹಲ್ಲುಗಳುಳ್ಳ ಎರಡು ಉಕ್ಕಿನ ಬಿಲ್ಲೆಗಳು ಎದುರುಬದುರಾಗಿವೆ. ಒಂದರ ಹಲ್ಲು ಇನ್ನೊಂದರ ಹಲ್ಲನ್ನು ಹತ್ತಿ ಇಳಿದಾಗಲೆಲ್ಲ ಬಿಟ್ ಒಂದು ಕೂದಲೆಳೆಯಷ್ಟು ಮುಂದಕ್ಕೆ ಜಿಗಿದು ಗೋಡೆಗೆ ಬಡಿಯುವುದು. ನಿಮಿಷಕ್ಕೆ 2,800 ಸುತ್ತು ತಿರುಗುವ ಒಂದು ಸಾಧಾರಣ ಯಂತ್ರವು ಅದೇ ನಿಮಿಷದಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕಿ ಪೆಟ್ಟುಗಳನ್ನು ಕೊಡಬಲ್ಲುದು.

ಇದರ ಅಣ್ಣನಂತಿರುವ ಇನ್ನೊಂದು ಯಂತ್ರ ಉಂಟು. ಅಂಗಡಿಯವರು ಅದನ್ನು ರೋಟರಿ ಹ್ಯಾಮರ್ ಎನ್ನುತ್ತಾರೆ. ಅದರಲ್ಲಿ ಹಲ್ಲಿನ ಬಿಲ್ಲೆಯ ಬದಲು ಗಾಳಿಯನ್ನು ಒತ್ತಿ ಬಡಿಯುವ ಕೊಂತವಿದೆ. ಪೆಟ್ಟುಗಳ ಸಂಖ್ಯೆ ಕಡಿಮೆ, ಒಂದೊಂದು ಪೆಟ್ಟಿನ ಬಲ ಹೆಚ್ಚು. ಬಾಷ್ ಸಂಸ್ಥೆಯು ಇಂಥ ಯಂತ್ರವನ್ನು 1932ರಲ್ಲಿಯೇ ಹೊರತಂದಿತ್ತು. ಮನೆಯವರು ಆಗೊಮ್ಮೆ ಈಗೊಮ್ಮೆ ಪಟ ತೂಗಹಾಕಲು, ಕಪಾಟು ನಿಲ್ಲಿಸಲು ಮೊದಲನೆಯದು ಸಾಕು. ಕಾಂಕ್ರೀಟಿನಲ್ಲಿ ಹತ್ತಾರು ತೂತುಗಳ ಕೆಲಸವಿದ್ದರೆ ಎರಡನೆಯದೇ ಲೇಸು. ಮೊದಲನೆಯದರಿಂದ ಎರಡನೆಯದರ ಕೆಲಸ ಮಾಡಿಸಹೊರಟವರು ಯಂತ್ರದ ಮೇಲೆ ಮೈಭಾರವನ್ನೆಲ್ಲ ಹಾಕಿ ಒತ್ತುತ್ತಾರೆ. ಬಿಟ್ ಕಾದು ತುದಿಯ ಕಾರ್ಬೈಡ್ ತುಣುಕು ಕಳಚಿಹೋಗುವುದೂ, ಒತ್ತುತ್ತಿದ್ದವನು ಮುಗ್ಗರಿಸುವುದೂ ಆಗಲೇ.

ಗೋಡೆಯನ್ನು ಅರಿಯುವುದು

ಕೊರೆಯುವ ಮೊದಲು ಗೋಡೆ ಯಾವುದರಿಂದಾದುದು ಎಂಬುದನ್ನು ತಿಳಿದಿರಬೇಕು. ನಮ್ಮಲ್ಲಿ ಮುರಕಲ್ಲು, ಕೆಂಪುಕಲ್ಲು ಎಂದು ಕರೆಯುವ ಶಿಲೆಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಆತನು ಮಲಬಾರಿನ ಅಂಗಾಡಿಪುರದ ಬಳಿ ಜನರು ಈ ಕಲ್ಲನ್ನು ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ನೋಡಿ, ಲ್ಯಾಟಿನಿನಲ್ಲಿ ಇಟ್ಟಿಗೆ ಎಂಬರ್ಥವುಳ್ಳ ಪದದಿಂದ ಈ ಹೆಸರನ್ನು ರೂಪಿಸಿದನು. ಆತನ ಪ್ರವಾಸ ಕಥನವು 1807ರಲ್ಲಿ ಪ್ರಕಟವಾಯಿತು. ಬೇಕಲದ ಕೋಟೆಯೂ ಇದೇ ಕಲ್ಲಿನದು. ನೆಲದೊಳಗೆ ಮೆದುವಾಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ ಈ ಕಲ್ಲಿನಲ್ಲಿ ಅಲ್ಲಲ್ಲಿ ಪೊಳ್ಳು ಕಣ್ಣುಗಳಿರುತ್ತವೆ. ಇಂಥ ಗೋಡೆಗೆ ಸುತ್ತಿಗೆಯ ಬಲ ಬೇಕಾಗಿಯೇ ಇಲ್ಲ. ಯಂತ್ರದ ಮೇಲ್ಭಾಗದಲ್ಲಿರುವ ಗುಂಡಿಯನ್ನು ಸುತ್ತಿಗೆಯ ಚಿತ್ರದಿಂದ ಬರಿಯ ಬೈರಿಗೆಯ ಚಿತ್ರದ ಕಡೆಗೆ ಸರಿಸಿ, ಮೆಲ್ಲನೆ ತಿರುಗಿಸಿದರೆ ಸಾಕು. ಬಡಿದು ಕೊರೆದರೆ ಆರು ಮಿಲಿಮೀಟರಿನ ತೂತು ಹತ್ತಾಗಿ, ಸುತ್ತಲ ಗಾರೆ ಉದುರಿ, ಹಾಕಿದ ಪ್ಲಗ್ಗು ಕೈಯಲ್ಲಿ ಎಳೆದರೂ ಬರುವುದು. ಮನೆಯವರು ಆಗ ಪ್ಲಗ್ಗನ್ನು ಬೈಯುತ್ತಾರೆ.

ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯ ಹಳೆಯ ವಾಡೆಗಳ ಕರಿಕಲ್ಲು ಇದಕ್ಕೆ ತೀರ ವಿರುದ್ಧ. ಅದಕ್ಕೂ ಮಡಕಶಿರಾ, ರಾಯದುರ್ಗಗಳ ಕಡೆಯ ಬಿಳಿಗಲ್ಲಿಗೂ ಹ್ಯಾಮರ್ ಡ್ರಿಲ್ಲು ಹಲ್ಲು ಕಚ್ಚಿ ಸೆಣಸಬೇಕಾಗುವುದು. ಅಲ್ಲಿ ಕಲ್ಲನ್ನು ಬಿಟ್ಟು, ಕಲ್ಲುಕಲ್ಲಿನ ನಡುವಣ ಗಾರೆಯ ಸಂದಿಯನ್ನು ಹುಡುಕುವವರೂ ಉಂಟು. ಹಗುರವಾದ ಪಟಕ್ಕೆ ಅದು ಸಾಕು, ಭಾರಕ್ಕೆ ಸಾಲದು.

ಕಾಂಕ್ರೀಟಿನಲ್ಲಿ ಕೊರೆಯುವಾಗ ಇನ್ನೊಂದು ವಿಚಾರ. ಎರಡು ಮೂರು ಸೆಂಟಿಮೀಟರು ಒಳಗೆ ಹೋದ ಮೇಲೆ ಬಿಟ್ ಮುಂದೆ ಸರಿಯದೆ, ಸದ್ದು ಬದಲಾಗಿ ಕೀರಲು ದನಿ ಹೊರಟರೆ ಅದು ಕಬ್ಬಿಣದ ಸಲಾಕೆಯನ್ನು ಮುಟ್ಟಿದೆಯೆಂದು ತಿಳಿಯತಕ್ಕದ್ದು. ಅಲ್ಲಿಗೆ ನಿಲ್ಲಿಸಿ, ಎರಡಂಗುಲ ಪಕ್ಕಕ್ಕೆ ಸರಿದು ಬೇರೆ ತೂತು ತೆಗೆಯಬೇಕು. ಸಲಾಕೆಯೇ ಮಾಡಿನ ಭಾರವನ್ನು ಹೊತ್ತಿರುವುದು. ಅದನ್ನು ಕೊರೆದು ತೆಳ್ಳಗೆ ಮಾಡುವುದು ಯಾವ ಪಟಕ್ಕೂ ತಕ್ಕ ಬೆಲೆಯಲ್ಲ. ಅರ್ಧ ಕೊರೆದ ಹಳೆಯ ತೂತನ್ನು ಸಿಮೆಂಟಿನಿಂದ ಮುಚ್ಚಿಬಿಡಬೇಕು. ಕಡಲ ಗಾಳಿಯ ನಮ್ಮ ಊರುಗಳಲ್ಲಿ ತೆರೆದಿಟ್ಟ ಸಲಾಕೆಗೆ ತುಕ್ಕು ಹಿಡಿಯಲು ಹೆಚ್ಚು ಕಾಲ ಬೇಡ.

ಗೋಡೆಯೊಳಗಿನ ತಂತಿ

ಎಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ಹಿಂದಿನ ಮನೆಗಳಲ್ಲಿ ತಂತಿಗಳು ಮರದ ಪಟ್ಟಿಯ ಮೇಲೆ ಗೋಡೆಯ ಹೊರಗೆಯೇ ಹರಿಯುತ್ತಿದ್ದವು. ನೋಡಲು ಚೆಂದವಿಲ್ಲದಿದ್ದರೂ ಎಲ್ಲಿವೆಯೆಂದು ಮಕ್ಕಳಿಗೂ ತಿಳಿದಿತ್ತು. ಈಗ ಗೋಡೆಯನ್ನು ಸೀಳಿ ಕೊಳವೆಯನ್ನಿಟ್ಟು ಗಾರೆ ಮೆತ್ತುತ್ತಾರೆ. ಮೇಲೆ ಬಣ್ಣ ಬಂದ ಮೇಲೆ ಕಟ್ಟಿದವನಿಗೂ ನೆನಪಿರದು. ತಂತಿಗಳು ಸಾಮಾನ್ಯವಾಗಿ ಸ್ವಿಚ್ಚಿನ ಪೆಟ್ಟಿಗೆಯಿಂದ ನೇರ ಮೇಲಕ್ಕೆ, ನೇರ ಕೆಳಕ್ಕೆ, ಇಲ್ಲವೆ ಅಡ್ಡಲಾಗಿ ಹೋಗಿರುತ್ತವೆ. ಆದುದರಿಂದ ಸ್ವಿಚ್ಚು, ಪ್ಲಗ್ಗು, ದೀಪ, ಪಂಖದ ರೆಗ್ಯುಲೇಟರು ಇವುಗಳಿಂದ ಮೇಲೆ ಕೆಳಗೆ ಅಡ್ಡಕ್ಕೆ ಒಂದು ಗೇಣಗಲದ ಪಟ್ಟಿಯನ್ನು ಮನಸ್ಸಿನಲ್ಲಿಯೇ ಎಳೆದು, ಆ ಪಟ್ಟಿಯೊಳಗೆ ಎಂದೂ ಕೊರೆಯಬಾರದು. ಸ್ನಾನದ ಕೋಣೆಯ ಗೋಡೆಯಲ್ಲಿ ನಲ್ಲಿಗಳ ಸಾಲಿಗೂ ಇದೇ ನಿಯಮ. ಆದರೆ ಸೋಮಾರಿಯಾದ ಕೆಲಸಗಾರನು ತಂತಿಯನ್ನು ಓರೆಯಾಗಿ ಎಳೆದಿರಲೂಬಹುದು. ನಿಯಮವನ್ನು ನಂಬಿದರೆ ಮಾತ್ರ ಸಾಲದು. ಗೋಡೆಯೊಳಗಿನ ತಂತಿಯನ್ನು ಪತ್ತೆಹಚ್ಚುವ ಸಣ್ಣ ಉಪಕರಣಗಳು ದೊರೆಯುತ್ತವೆ. ಹೊಸ ಮನೆ ಕಟ್ಟಿಸುತ್ತಿರುವವರಿಗೆ ಇನ್ನೂ ಸುಲಭದ ಉಪಾಯವುಂಟು: ಗಾರೆ ಮೆತ್ತುವ ಮೊದಲು ಪ್ರತಿಯೊಂದು ಗೋಡೆಯ ಫೋಟೋ ತೆಗೆದು, ಮನೆಯ ದಸ್ತಾವೇಜುಗಳ ಜೊತೆಯಲ್ಲಿಯೇ ಇರಿಸಿಕೊಳ್ಳುವುದು.

ಕೊರೆಯುವ ಕೋಣೆಯ ವಿದ್ಯುತ್ತನ್ನು ಪೂರ್ತಿ ನಿಲ್ಲಿಸಿ, ಯಂತ್ರಕ್ಕೆ ಬೇರೆ ಕೋಣೆಯಿಂದ ಉದ್ದ ತಂತಿಯ ಮೂಲಕ ಕರೆಂಟು ತರುವುದೇ ಉತ್ತಮ ಮಾರ್ಗ. ಇಲ್ಲಿ ನಮ್ಮ ಮನೆಗಳಿಗೆ ವಿಶೇಷವಾದ ಒಂದು ತೊಡಕನ್ನು ಹೇಳಲೇಬೇಕು. ಮೇನ್ ಸ್ವಿಚ್ಚನ್ನು ತೆಗೆದ ಕ್ಷಣವೇ ಇನ್ವರ್ಟರು ಎಚ್ಚೆತ್ತು ದೀಪ ಪಂಖಗಳ ತಂತಿಗಳಿಗೆ ತನ್ನ ಬ್ಯಾಟರಿಯಿಂದ 230 ವೋಲ್ಟನ್ನು ಹರಿಸತೊಡಗುವುದು. ಮೇನ್ ತೆಗೆದಿದ್ದೇನೆ, ಇನ್ನೇನು ಭಯ ಎಂದುಕೊಂಡವನು ಕೊರೆಯುತ್ತಿರುವುದು ಜೀವಂತ ತಂತಿಯ ಮೇಲೆಯೇ. ಇನ್ವರ್ಟರನ್ನೂ ಬೇರೆಯಾಗಿ ನಿಲ್ಲಿಸಿ, ಆ ಕೋಣೆಯ ದೀಪವನ್ನು ಹಾಕಿ ನೋಡಿ, ಅದು ಉರಿಯದೆಂದು ಕಂಡ ಬಳಿಕವೇ ಮುಂದುವರಿಯತಕ್ಕದ್ದು.

ಫ್ಯೂಸು ಅಥವಾ ಎಂ.ಸಿ.ಬಿ. ಇರುವುದು ತಂತಿಯನ್ನು ಕಾಯಲು, ಮನುಷ್ಯನನ್ನು ಕಾಯಲು ಅಲ್ಲ. ಆರು ಅಥವಾ ಹದಿನಾರು ಆಂಪಿಯರು ಮೀರಿದರೆ ಅದು ಕಡಿಯುವುದು. ಮನುಷ್ಯನ ಹೃದಯದ ಬಡಿತ ಕೆಡಲು ಒಂದು ಆಂಪಿಯರಿನ ಹತ್ತನೆಯ ಒಂದು ಭಾಗವೂ ಬೇಡ. ಮನುಷ್ಯನಿಗಾಗಿ ಇರುವ ಕಾವಲು ಆರ್.ಸಿ.ಸಿ.ಬಿ. ಎಂಬುದು, ಹಳಬರು ಇದನ್ನು ಇ.ಎಲ್.ಸಿ.ಬಿ. ಎನ್ನುತ್ತಾರೆ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ತಾನಾಗಿ ಕಡಿಯುವುದು. ಅದರ ಮೇಲೊಂದು ಪರೀಕ್ಷೆಯ ಗುಂಡಿಯಿರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ ನೋಡುವವರು ಎಷ್ಟು ಮಂದಿ? ಒತ್ತಿದಾಗ ಕಡಿಯದಿದ್ದರೆ ಆ ಪೆಟ್ಟಿಗೆ ಗೋಡೆಯ ಅಲಂಕಾರ ಮಾತ್ರ. ಮಳೆ ಬಂದಾಗಲೆಲ್ಲ ಕಡಿಯುತ್ತದೆಂಬ ಕಿರಿಕಿರಿಗೆ ಅದನ್ನು ತಪ್ಪಿಸಿ ನೇರ ತಂತಿ ಕೊಡಿಸಿಕೊಂಡ ಮನೆಗಳನ್ನು ನಾವು ಕಂಡಿದ್ದೇವೆ. ಮಳೆಗೆ ಅದು ಕಡಿಯುತ್ತಿದೆಯೆಂದರೆ ಮನೆಯಲ್ಲೆಲ್ಲೋ ವಿದ್ಯುತ್ತು ಸೋರುತ್ತಿದೆಯೆಂದೇ ಅರ್ಥ. ಹುಡುಕಿ ಸರಿಪಡಿಸಬೇಕಾದುದು ಆ ಸೋರಿಕೆಯನ್ನು.

ಯಂತ್ರಕ್ಕೆ ಎರಡೇ ಕಾಲಿನ ಪ್ಲಗ್ಗು ಏಕೆ, ಭೂಮಿಯ ತಂತಿ ಎಲ್ಲಿ ಎಂದು ಕೆಲವರು ಕೇಳುವರು. ಮೈಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರದ ನಿರೋಧಕ ಕವಚ ಇದೆಯೆಂದು ತಿಳಿಯಬೇಕು. ಅದಕ್ಕೆ ಭೂಮಿಯ ತಂತಿ ಬೇಡ. ಆದರೆ ಆ ಕವಚ ಒಡೆದಿದ್ದರೆ, ಒಳಗೆ ನೀರು ಹೊಕ್ಕಿದ್ದರೆ, ತಂತಿಯ ಸಿಪ್ಪೆಯನ್ನು ಇಲಿ ಕಡಿದಿದ್ದರೆ ಆ ಗುರುತಿಗೆ ಬೆಲೆಯಿಲ್ಲ. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಕೊರೆಯುವುದು ಸರ್ವಥಾ ಕೂಡದು. ಉದ್ದ ತಂತಿಯು ಸುರುಳಿ ಸುತ್ತಿಕೊಂಡಿದ್ದರೆ ಒಳಗೊಳಗೇ ಕಾಯುವುದರಿಂದ ಅದನ್ನು ಪೂರ್ತಿ ಬಿಚ್ಚಿ ಹಾಸಿಕೊಳ್ಳಬೇಕು.

ಯಾರಿಗಾದರೂ ಕರೆಂಟು ತಗುಲಿ ಕೈ ಬಿಡದೆ ನಿಂತರೆ ಅವರನ್ನು ಮುಟ್ಟಬಾರದು. ಮೊದಲು ಸ್ವಿಚ್ಚು ತೆಗೆಯಬೇಕು. ಅದಾಗದಿದ್ದರೆ ಒಣಗಿದ ಮರದ ಕೋಲಿನಿಂದ ಯಂತ್ರವನ್ನು ದೂರ ತಳ್ಳಬೇಕು. ಬಿದ್ದವರಿಗೆ ಎಚ್ಚರವಿಲ್ಲ, ಸರಿಯಾದ ಉಸಿರಿಲ್ಲ ಎಂದಾದರೆ ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿರಿಸಿ, ಎರಡಂಗುಲ ಇಳಿಯುವಂತೆ ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರಬೇಕು. ಇನ್ನೊಬ್ಬರು ಅಷ್ಟರಲ್ಲಿ 108 ಅಥವಾ 112ಕ್ಕೆ ಕರೆಮಾಡಬೇಕು. ನಾವು ಯಾವ ರಾಜ್ಯದ ಗಡಿಯೊಳಗಿದ್ದರೂ ಈ ಸಂಖ್ಯೆಗಳು ಬದಲಾಗುವುದಿಲ್ಲ.

ಕೈ, ಸೆರಗು, ಏಣಿ

ಬಿಟ್ ಕಲ್ಲಿನಲ್ಲಿಯೋ ಸಲಾಕೆಯಲ್ಲಿಯೋ ಸಿಕ್ಕಿಬಿದ್ದಾಗ ಬಿಟ್ ನಿಲ್ಲುವುದು, ಮೋಟರು ನಿಲ್ಲುವುದಿಲ್ಲ. ಆಗ ತಿರುಗುವುದು ಯಂತ್ರ. ಅದನ್ನು ಹಿಡಿದವನ ಮಣಿಕಟ್ಟು ಅದರೊಡನೆ ತಿರುಗುವುದು. ಯಂತ್ರದ ಪಕ್ಕಕ್ಕೆ ಸಿಕ್ಕಿಸಲು ಒಂದು ಅಡ್ಡಹಿಡಿ ಕೊಟ್ಟಿರುವುದು ಇದಕ್ಕಾಗಿ. ಅನೇಕ ಮನೆಗಳಲ್ಲಿ ಅದು ಪೆಟ್ಟಿಗೆಯಿಂದ ಹೊರಬಂದೇ ಇರುವುದಿಲ್ಲ. ಎರಡೂ ಕೈಗಳಿಂದ ಹಿಡಿದು, ಕಾಲುಗಳನ್ನು ಅಗಲಿಸಿ ನಿಂತು, ಕುದುರೆಯನ್ನು ಒತ್ತಿಹಿಡಿಯುವ ಬೀಗದ ಗುಂಡಿಯನ್ನು ಹಾಕದೆಯೇ ಕೊರೆಯತಕ್ಕದ್ದು. ಬೆರಳು ತೆಗೆದೊಡನೆ ಯಂತ್ರ ನಿಲ್ಲುವಂತಿರಬೇಕು.

ಸೆರಗು, ಸಡಿಲಾದ ತೋಳು, ಜಡೆ, ಕುತ್ತಿಗೆಯ ಸರ, ಬೈರಾಸು ಇವೆಲ್ಲ ತಿರುಗುವ ಚಕ್ಕಿಗೆ ಬಲು ಪ್ರಿಯವಾದ ವಸ್ತುಗಳು. ದೊಗಲೆಯಾದ ಹತ್ತಿಯ ಕೈಗವಸನ್ನೂ ಅದು ಬೆರಳು ಸಹಿತ ಸುತ್ತಿಕೊಳ್ಳಬಲ್ಲುದು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ ಕೊರೆಯುವುದು ನಮ್ಮಲ್ಲಿ ಸರ್ವೇಸಾಮಾನ್ಯ. ಎರಡು ಕೈಗಳೂ ಯಂತ್ರದ ಮೇಲಿರುವಾಗ ಏಣಿಯನ್ನು ಹಿಡಿಯಲು ಮೂರನೆಯ ಕೈಯಿಲ್ಲವೆಂಬುದನ್ನು ನೆನೆದು, ಎರಡು ಗಟ್ಟಿ ಬೆಂಚುಗಳ ಮೇಲೆ ಅಗಲವಾದ ಹಲಗೆ ಹಾಸಿಕೊಳ್ಳಬೇಕು.

ಧೂಳು ಮತ್ತು ಸದ್ದು

ಕೊರೆಯುವಾಗ ಉದುರುವ ಕಣ್ಣಿಗೆ ಕಾಣುವ ಪುಡಿಯಿಂದ ಕಣ್ಣಿಗೆ ಅಪಾಯ. ಸುತ್ತಲೂ ಮುಚ್ಚುವ ಕನ್ನಡಕವಿದ್ದರೆ ಅದು ಕಳೆಯಿತು. ಓದುವ ಕನ್ನಡಕ ಈ ಕೆಲಸಕ್ಕೆ ಬಾರದು. ಕಾಣದ ಪುಡಿಯಿಂದ ಪುಪ್ಪುಸಕ್ಕೆ ಅಪಾಯ, ಮತ್ತು ಅದು ಹೆಚ್ಚಿನದು. ಮರಳು, ಕಾಂಕ್ರೀಟು, ಬಿಳಿಗಲ್ಲು ಇವುಗಳಲ್ಲೆಲ್ಲ ಸ್ಫಟಿಕವುಂಟು. ಅದರ ಅತಿ ಸಣ್ಣ ಕಣಗಳು ಗಾಳಿಯಲ್ಲಿ ಗಂಟೆಗಟ್ಟಲೆ ತೇಲಿ, ಪುಪ್ಪುಸದ ತುದಿಯವರೆಗೆ ಹೋಗಿ, ಅಲ್ಲಿಂದ ಹೊರಬಾರದೆ ಗಾಯದ ಕಲೆಗಳನ್ನು ಬೆಳೆಸುತ್ತವೆ. ಇದರ ಹೆಸರು ಸಿಲಿಕೋಸಿಸ್. ಇದನ್ನು ಗುಣಪಡಿಸುವ ಮದ್ದಿಲ್ಲ. ಅಕ್ಷರ ತಿದ್ದಲು ನಾವು ಹಿಡಿದಿದ್ದ ಸ್ಲೇಟಿನ ಕಡ್ಡಿಗಳನ್ನು ಕೊಯ್ಯುತ್ತಿದ್ದ ಮಧ್ಯಪ್ರದೇಶದ ಮಂದಸೋರಿನ ಕಾರ್ಮಿಕರಲ್ಲಿ ಎಷ್ಟೋ ಮಂದಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡದ್ದು ಈ ಧೂಳಿನಿಂದ. ಇದೇ ಧೂಳು ಕ್ಯಾನ್ಸರಿಗೂ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಸಾರಿತು. ವರ್ಷಕ್ಕೆ ನಾಲ್ಕು ತೂತು ಕೊರೆಯುವ ಗೃಹಸ್ಥನು ಇದನ್ನು ಓದಿ ಹೆದರಬೇಕಾಗಿಲ್ಲ. ದಿನಕ್ಕೆ ನಲವತ್ತು ಕೊರೆಯುವವನ ವಿಷಯ ಬೇರೆ.

ಮೂಗಿಗೆ ಕಟ್ಟಿದ ಬೈರಾಸು ಈ ಕಣಗಳನ್ನು ತಡೆಯಲಾರದು. 2020ರ ಕೊರೋನಾ ಕಾಲದಿಂದ ಎಲ್ಲರಿಗೂ ಪರಿಚಿತವಾದ ಎನ್-95 ಮುಖಗವಸು ತಡೆಯಬಲ್ಲುದು. ತೂತಿನ ಕೆಳಗೆ ಹಳೆಯ ಲಕೋಟೆಯೊಂದನ್ನು ಬಾಯಿ ತೆರೆದು ಅಂಟಿಸಿದರೆ ಬಹುಪಾಲು ಪುಡಿ ಅದರಲ್ಲಿಯೇ ಬೀಳುವುದು. ತೂತನ್ನು ಬಾಯಿಯಿಂದ ಊದಬಾರದು. ಊದಿದ್ದು ಊದಿದವನ ಕಣ್ಣಿಗೇ ಮರಳುವುದು. ಬಳಿಕ ಹಿಡಿಸೂಡಿಯಿಂದ ಗುಡಿಸಿ ಎಬ್ಬಿಸುವುದಕ್ಕಿಂತ ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಹಟ್ಟಿಯ ಮಾಡಿಗೆ ಹೊದೆಸಿದ ಹಳೆಯ ಸಿಮೆಂಟು ಶೀಟುಗಳಲ್ಲಿ ಆಸ್‌ಬೆಸ್ಟಾಸ್ ನಾರು ಇರುವುದರಿಂದ ಅವುಗಳ ಮೇಲೆ ಈ ಯಂತ್ರವನ್ನು ಹಾಯಿಸಲೇಬಾರದು.

ಸದ್ದಿನ ಲೆಕ್ಕ ಹೀಗಿದೆ: ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ ಕೇಳುವವರೆಗೆ ಕಿವಿ ಸಹಿಸೀತು, ಪ್ರತಿ ಮೂರು ಡೆಸಿಬೆಲ್ ಏರಿದಂತೆ ಅವಧಿ ಅರ್ಧಕ್ಕಿಳಿಯುವುದು. ಹ್ಯಾಮರ್ ಡ್ರಿಲ್ಲಿನ ಸದ್ದು 100ರ ಸುಮಾರಿನದು. ಅಂದರೆ ಹದಿನೈದು ನಿಮಿಷ. ಕಿವಿಗೆ ಒತ್ತುವ ಮೆತ್ತನೆಯ ಬಿರಡೆಗೆ ಒಂದು ಲೋಟ ಚಹಾದ ಬೆಲೆಯೂ ಇಲ್ಲ.

ಕಂಪನದ ಕಥೆ ಇನ್ನೂ ಹಳೆಯದು. ಅಮೇರಿಕದ ಇಂಡಿಯಾನಾ ಸಂಸ್ಥಾನದ ಬೆಡ್‌ಫರ್ಡಿನಲ್ಲಿ ಗಾಳಿಸುತ್ತಿಗೆಯಿಂದ ಸುಣ್ಣಕಲ್ಲು ಕೆತ್ತುವವರ ಬೆರಳುಗಳು ಚಳಿಯಲ್ಲಿ ಬಿಳಿಚಿ ಮರಗಟ್ಟುವುದನ್ನು ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಪರಿಶೀಲಿಸಿ ವರದಿ ಮಾಡಿದ್ದಳು. ಯಂತ್ರವನ್ನು ಬಿಗಿಯಾಗಿ ಹಿಸುಕದೆ, ಮೊಂಡಾದ ಬಿಟ್ಟನ್ನು ಆಗಾಗ ಬದಲಿಸಿ, ನಡುನಡುವೆ ಕೈಗೆ ಬಿಡುವು ಕೊಟ್ಟರೆ ಕಂಪನದ ಹೊಡೆತ ಕಡಿಮೆಯಾಗುವುದು.

ಇವೆಲ್ಲ ನಮ್ಮ ಮನೆಗೆ ಕಿಟಿಕಿಯ ಪರದೆ ಸಿಕ್ಕಿಸಲು, ಏಸಿ ಕೂರಿಸಲು ಬರುವ ಹುಡುಗರ ವಿಷಯದಲ್ಲಿ ಇನ್ನೂ ಸತ್ಯ. ಅವರಲ್ಲಿ ಅನೇಕರು ಬಂಗಾಳದಿಂದಲೋ ಒಡಿಶಾದಿಂದಲೋ ಬಂದವರು. ನಮ್ಮ ಭಾಷೆ ಅವರಿಗೆ ಬಾರದು, ಅವರ ಭಾಷೆ ನಮಗೆ ಬಾರದು. ಬರಿಗಣ್ಣಿನಲ್ಲಿ, ಬರಿಮೂಗಿನಲ್ಲಿ ದಿನವಿಡೀ ಕೊರೆಯುವ ಅವರಿಗೆ ಕನ್ನಡಕ, ಮುಖಗವಸುಗಳನ್ನು ಕೈಗಿತ್ತು ಹಾಕಿಕೋ ಎಂದು ಸನ್ನೆಮಾಡಲು ಭಾಷೆಯೇನೂ ಬೇಕಾಗಿಲ್ಲ. ಎರವಲು ಕೊಡುವ ಯಂತ್ರದೊಡನೆಯೂ ಇವೆರಡನ್ನು ಒಂದೇ ಚೀಲದಲ್ಲಿಟ್ಟು ಕೊಡುವ ರೂಢಿಯನ್ನು ಒಂದೆರಡು ಮನೆಗಳಲ್ಲಿ ಕಂಡು ನಮಗೆ ಸಂತೋಷವಾಯಿತು.

ತೊಟ್ಟಿಲ ಕೊಂಡಿ

ಕೊನೆಯದಾಗಿ ತೂತಿನೊಳಗೆ ಹಾಕುವ ಪ್ಲಗ್ಗಿನ ವಿಷಯ. ಮರದ ಬೆಣೆಗೆ ಬದಲಾಗಿ ಸೆಣಬಿನ ನಾರಿನ ಪ್ಲಗ್ಗನ್ನು ಕಂಡುಹಿಡಿದವನು ಲಂಡನ್ನಿನ ಜಾನ್ ಜೋಸೆಫ್ ರಾಲಿಂಗ್ಸ್. ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳನ್ನು ಕೆಡಿಸದೆ ವಿದ್ಯುತ್ ಸಾಮಗ್ರಿ ಕೂರಿಸಬೇಕಾಗಿ ಬಂದಾಗ, 1911ರ ಸುಮಾರಿಗೆ, ಆತನಿಗೆ ಇದು ಹೊಳೆಯಿತು. ತಿರುಪು ಒಳಹೋದಂತೆ ಪ್ಲಗ್ಗು ಉಬ್ಬಿ ಗೋಡೆಯನ್ನು ಕಚ್ಚುವುದೇ ಇದರ ಗುಟ್ಟು. ಇಂದಿನ ಪ್ಲಾಸ್ಟಿಕ್ ಪ್ಲಗ್ಗೂ ಹಾಗೆಯೇ. ಗೋಡೆಯಲ್ಲಿ ಕೆಳಮುಖವಾದ ಭಾರವನ್ನು ಅದು ಚೆನ್ನಾಗಿ ತಡೆಯುವುದು. ಮಾಡಿನಿಂದ ನೇರ ಕೆಳಕ್ಕೆ ಎಳೆಯುವ ಭಾರವನ್ನು, ಅದರಲ್ಲಿಯೂ ತೂಗಾಡುವ ಭಾರವನ್ನು, ತಡೆಯಲಾರದು.

ಬಾಣಂತಿಯ ಮನೆಯಲ್ಲಿ ಮಗುವಿಗೆ ತೊಟ್ಟಿಲು ತೂಗಹಾಕಲು ಸ್ಲ್ಯಾಬಿಗೆ ತೂತು ಕೊರೆದು, ಪ್ಲಾಸ್ಟಿಕ್ ಪ್ಲಗ್ಗು ಬಡಿದು, ಅದಕ್ಕೆ ಕೊಂಡಿ ತಿರುಪಿದ್ದನ್ನು ಕಂಡು ನಾವು ಬೆಚ್ಚಿದ್ದುಂಟು. ಮೊದಲ ದಿನ ಅದು ನಿಲ್ಲುವುದು. ದೊಡ್ಡವರೊಬ್ಬರು ಜಗ್ಗಿದರೂ ನಿಲ್ಲಬಹುದು. ಆದರೆ ದಿನಕ್ಕೆ ಸಾವಿರ ಸಲ ತೂಗುವಾಗ ಪ್ಲಗ್ಗು ಕೂದಲೆಳೆಯಷ್ಟಾಗಿ ಜಾರುತ್ತ ಬರುವುದು, ಅದನ್ನು ಯಾರೂ ನೋಡುವುದಿಲ್ಲ. ತೊಟ್ಟಿಲು, ಉಯ್ಯಾಲೆ, ಪಂಖ ಇವುಗಳಿಗೆ ಸ್ಲ್ಯಾಬು ಎರೆಯುವಾಗಲೇ ಸಲಾಕೆಗೆ ಸಿಕ್ಕಿಸಿ ಬಿಟ್ಟ ಕಬ್ಬಿಣದ ಕೊಂಡಿಯೇ ಆಗಬೇಕು. ಅದಿಲ್ಲದಿದ್ದರೆ ಅನುಭವಿಯಾದ ಕೆಲಸಗಾರನಿಂದ ಮಾಡಿನ ಭಾರಕ್ಕೆಂದೇ ತಯಾರಾದ ಉಕ್ಕಿನ ಆಂಕರ್ ಬೋಲ್ಟನ್ನು ಹಾಕಿಸಬೇಕು. ಅಷ್ಟಕ್ಕೂ ಅನುಕೂಲವಿಲ್ಲದ ಮನೆಯಲ್ಲಿ ನೆಲದ ಮೇಲೆ ನಿಲ್ಲುವ ಕಾಲುಗಳುಳ್ಳ ತೊಟ್ಟಿಲು ತಂದರೆ ಮಗುವಿನ ನಿದ್ದೆಗೇನೂ ಕೊರತೆಯಾಗದು.

ಕೆಲಸ ಮುಗಿದೊಡನೆ ಮೊದಲು ಪ್ಲಗ್ಗು ಕಳಚಿ, ಅನಂತರವೇ ಬಿಟ್ಟಿಗೆ ಕೈ ಹಾಕಬೇಕು. ಆಗತಾನೆ ಕಲ್ಲಿನಿಂದ ಹೊರಬಂದ ಬಿಟ್ ಒಲೆಯ ಕೊಳ್ಳಿಯಂತೆ ಸುಡುವುದು. ಐದು ನಿಮಿಷ ಆರಲು ಬಿಡಬೇಕು. ಚಕ್ಕಿನ ಕೀಲಿಯನ್ನು ಚಕ್ಕಿನಲ್ಲಿಯೇ ಮರೆತಿಡಬಾರದು. ಅದನ್ನು ತಂತಿಯ ಪ್ಲಗ್ಗಿನ ಬಳಿ ದಾರದಿಂದ ಕಟ್ಟಿಟ್ಟರೆ, ಪ್ಲಗ್ಗು ಕಳಚದೆ ಕೀಲಿ ಚಕ್ಕನ್ನು ಮುಟ್ಟಲಾರದು.